ಬೋಡನ್‌ಸೇ ದಡದಲ್ಲಿ ಮಕ್ಕಳ ಜೊತೆ ಕ್ಯಾಂಪಿಂಗ್: ದಿನಸಿ ತರುವುದರಿಂದ ಕಸ ಹಾಕುವವರೆಗೆ ಸಮಗ್ರ ಮಾರ್ಗದರ್ಶಿ

ಜರ್ಮನಿಯ ದಕ್ಷಿಣದ ಅಂಚಿನಲ್ಲಿ ಬೋಡನ್‌ಸೇ ಎಂಬ ದೊಡ್ಡ ಸರೋವರವಿದೆ. ಲೇಕ್ ಕಾನ್‌ಸ್ಟನ್ಸ್ ಎಂದರೂ ಇದೇ. ಉತ್ತರದ ದಡ ಜರ್ಮನಿಯದ್ದು, ದಕ್ಷಿಣದ್ದು ಸ್ವಿಟ್ಜರ್‌ಲೆಂಡಿನದ್ದು, ಪೂರ್ವದ ಮೂಲೆ ಆಸ್ಟ್ರಿಯಾದ್ದು. ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದು ಕಾರಿನಲ್ಲಿ ಹೋಗಿ ಟೆಂಟ್ ಹಾಕಲು ಹತ್ತಿರದ ಜಾಗ. ಊರಿಂದ ಬಂದ ಅಪ್ಪ-ಅಮ್ಮನನ್ನೂ, ಅಕ್ಕನ ಮಕ್ಕಳನ್ನೂ ಕರೆದುಕೊಂಡು ಹೋಗುವವರು ಎಷ್ಟೋ ಜನ.

ಟೆಂಟ್ ಹಾಕುವುದು ಒಂದು ಸಂಜೆಯ ಕೆಲಸ. ಆದರೆ ಮೂರು ಹೊತ್ತಿನ ಅಡುಗೆಗೆ ಸಾಮಾನು ತರುವುದು, ಅದರಿಂದ ಹುಟ್ಟುವ ಕಸವನ್ನು ಸರಿಯಾದ ತೊಟ್ಟಿಗೆ ಸೇರಿಸುವುದು ರಜೆ ಮುಗಿಯುವ ತನಕ ನಡೆಯುವ ಕೆಲಸ. ಇವೆರಡನ್ನೂ ಬೇರೆ ಬೇರೆ ಮಾಡಿ ನೋಡಬೇಡಿ ಎಂಬುದೇ ನನ್ನ ಮುಖ್ಯ ಸಲಹೆ. ಅಂಗಡಿಯಲ್ಲಿ ಏನನ್ನು ಎತ್ತಿಕೊಂಡಿರೋ ಅದರ ಕವರು, ಡಬ್ಬ, ಸಿಪ್ಪೆ ನಾಳೆ ನಿಮ್ಮ ಟೆಂಟಿನ ಬಾಗಿಲಲ್ಲಿ ಕೂತಿರುತ್ತದೆ. ಟೆಂಟಿನಲ್ಲಿ ಕಪಾಟಿಲ್ಲ, ದೊಡ್ಡ ಫ್ರಿಜ್ ಇಲ್ಲ, ಮನೆ ಮುಂದೆ ಬರುವ ಕಸದ ಗಾಡಿಯೂ ಇಲ್ಲ. ಹಾಗಾಗಿ ಕಸದ ಲೆಕ್ಕ ಅಂಗಡಿಯಲ್ಲೇ ಶುರುವಾಗಬೇಕು.

ಇನ್ನೊಂದು ಮಾತು. ಈ ಸರೋವರ ಬರೀ ಈಜಾಡುವ ಜಾಗ ಅಲ್ಲ. ಝಿಪ್ಲಿಂಗನ್ ಎಂಬ ಊರಿನ ಹತ್ತಿರ, ಸುಮಾರು 60 ಮೀಟರ್ ಆಳದಿಂದ ನೀರೆತ್ತಿ, ಸುಮಾರು 40 ಲಕ್ಷ ಜನರಿಗೆ ಕುಡಿಯಲು ಕೊಡುತ್ತಾರೆ. ಸ್ಟುಟ್‌ಗಾರ್ಟ್ ನಗರಕ್ಕೂ ಇಲ್ಲಿಂದ ನೀರು ಹೋಗುತ್ತದೆ. ದಡದಲ್ಲಿ ಪಾತ್ರೆ ತೊಳೆಯಬಾರದು, ಎಣ್ಣೆ ಚೆಲ್ಲಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹಂತ 1: ಮನೆಯಲ್ಲೇ ಮಾಡಿಕೊಳ್ಳುವ ತಯಾರಿ

ಮೊದಲು ಭಾರತದಿಂದ ಬರುವವರ ಸೂಟ್‌ಕೇಸಿನ ವಿಷಯ. ಯುರೋಪಿಯನ್ ಒಕ್ಕೂಟದ ಹೊರಗಿಂದ ಬರುವ ಪ್ರಯಾಣಿಕರು ಮಾಂಸ, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ತುಪ್ಪ, ಪನೀರ್, ಖೋವಾ ಎಲ್ಲವೂ ಇದರಲ್ಲಿ ಸೇರುತ್ತವೆ. ತಾಜಾ ಹಣ್ಣು, ತರಕಾರಿ, ಸೊಪ್ಪಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಅನಾನಸ್, ಡೂರಿಯನ್ ಮಾತ್ರ ಇದಕ್ಕೆ ಹೊರತು. ಅಂದರೆ ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡುವ ಕರಿಬೇವು, ಸೀಸನ್ನಿನ ಮಾವಿನಹಣ್ಣು ಎರಡೂ ಆಗುವುದಿಲ್ಲ. ಚಟ್ನಿಪುಡಿ, ಸಾರಿನ ಪುಡಿ, ಹುಣಸೆಹಣ್ಣು, ಒಣಮೆಣಸಿನಕಾಯಿ ತನ್ನಿ. ಕ್ಯಾಂಪಿಂಗ್‌ಗೆ ಅಷ್ಟು ಸಾಕು. ಒಲೆಯ ಗ್ಯಾಸ್ ಕಾರ್ಟ್ರಿಡ್ಜ್ ವಿಮಾನದಲ್ಲಿ ಕೈಚೀಲದಲ್ಲೂ ಬೇಡ, ಲಗೇಜಿನಲ್ಲೂ ಬೇಡ. ಅದನ್ನು ಅಲ್ಲೇ ಕೊಳ್ಳಬೇಕು.

ಜರ್ಮನಿಯಲ್ಲೇ ಇರುವವರು ಒಣ ಸಾಮಾನನ್ನು ಮನೆಯಿಂದಲೇ ಅಳೆದು ತನ್ನಿ. ಅಕ್ಕಿ, ಬೇಳೆ, ರವೆ, ಸಕ್ಕರೆ, ಒಗ್ಗರಣೆ ಸಾಮಾನು, ಎಲ್ಲವನ್ನೂ ಮುಚ್ಚಳ ಗಟ್ಟಿಯಿರುವ ಡಬ್ಬಿಗಳಲ್ಲಿ ಹಾಕಿ. ಒಂದು ಕೆಜಿಯ ಪ್ಯಾಕೆಟ್ ಒಡೆದು ಕಾಲು ಭಾಗ ಉಪಯೋಗಿಸಿ, ಉಳಿದದ್ದನ್ನು ಕ್ಲಿಪ್ ಹಾಕಿ ಇಟ್ಟರೆ ಟೆಂಟಿನ ತೇವಕ್ಕೆ ಹಾಳಾಗುತ್ತದೆ. ರವೆಯನ್ನು ಮನೆಯಲ್ಲೇ ಹುರಿದು ಒಗ್ಗರಣೆ ಸೇರಿಸಿ ತಂದರೆ ಬೆಳಗಿನ ಉಪ್ಪಿಟ್ಟಿಗೆ ನೀರು ಕುದಿಸಿದರೆ ಮುಗಿಯಿತು.

ಇವುಗಳನ್ನೂ ಕಾರಿನಲ್ಲಿ ಹಾಕಿಕೊಳ್ಳಿ:

- ಬಟ್ಟೆಯ ಚೀಲ ನಾಲ್ಕೈದು, ಅದರಲ್ಲಿ ಒಂದು ಬ್ರೆಡ್ಡಿಗೆ ಮಾತ್ರ
- ತರಕಾರಿಗೆ ತೆಳ್ಳನೆಯ ಜಾಲರಿ ಚೀಲ
- ಮಡಚುವ 10 ಲೀಟರಿನ ನೀರಿನ ಕ್ಯಾನ್
- ಒಬ್ಬೊಬ್ಬರಿಗೂ ಒಂದು ಸ್ಟೀಲ್ ಬಾಟಲಿ, ತಟ್ಟೆ, ಲೋಟ
- ಬಾಯಿ ಅಗಲವಿರುವ ಎರಡು ಟಿಫಿನ್ ಡಬ್ಬಿ
- ಹಳೆಯ ಪೇಪರ್ ಒಂದು ಕಟ್ಟು
- ಗಟ್ಟಿ ಮುಚ್ಚಳದ ಒಂದು ಪುಟ್ಟ ಬಕೆಟ್, ಹಸಿ ಕಸಕ್ಕೆ
- 1 ಯೂರೋ ಮತ್ತು 50 ಸೆಂಟ್‌ಗಳ ಚಿಲ್ಲರೆ

ಹಳೆಯ ಪೇಪರ್ ಯಾಕೆ ಎಂದು ಮುಂದೆ ಹೇಳುತ್ತೇನೆ. ಅದನ್ನು ಮಾತ್ರ ಮರೆಯಬೇಡಿ.

ಹಂತ 2: ಕ್ಯಾಲೆಂಡರ್ ನೋಡಿ

ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ. ಅರ್ಧ ದಿನ ಅಲ್ಲ, ಇಡೀ ದಿನ. ಸಾರ್ವಜನಿಕ ರಜೆಗಳಲ್ಲೂ ಹಾಗೇ. ಪೆಟ್ರೋಲ್ ಬಂಕ್, ದೊಡ್ಡ ರೈಲು ನಿಲ್ದಾಣದ ಅಂಗಡಿಗಳು ತೆರೆದಿರುತ್ತವೆ. ಬೇಕರಿಗಳು ಬೆಳಿಗ್ಗೆ ಕೆಲವು ಗಂಟೆ ಮಾತ್ರ. ಬೆಂಗಳೂರಿನಿಂದ ಬಂದವರಿಗೆ ಇದು ನಂಬಲಾಗದ ಸಂಗತಿ. ಭಾನುವಾರ ಸಂಜೆ ಹಾಲು ಮುಗಿದರೆ ಸುಲಭಕ್ಕೆ ಸಿಗುವುದಿಲ್ಲ ಎಂದು ಮೊದಲೇ ಮನೆಮಂದಿಗೆಲ್ಲ ಹೇಳಿಡಿ.

ಬೋಡನ್‌ಸೇ ದಡದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಒಂದೇ ದೇಶದ ಎರಡು ರಾಜ್ಯಗಳು ಪಕ್ಕಪಕ್ಕದಲ್ಲಿವೆ. ಕಾನ್‌ಸ್ಟನ್ಸ್, ಮೇರ್ಸ್‌ಬುರ್ಗ್, ಫ್ರೀಡ್ರಿಕ್ಸ್‌ಹಾಫನ್ ಊರುಗಳು ಬಾಡನ್-ವ್ಯೂರ್ಟೆಂಬೆರ್ಗ್ ರಾಜ್ಯದವು. ಲಿಂಡಾವ್ ಮಾತ್ರ ಬವೇರಿಯಾದ್ದು. ಬವೇರಿಯಾದಲ್ಲಿ ಸೂಪರ್‌ಮಾರ್ಕೆಟ್ ರಾತ್ರಿ 8ಕ್ಕೆ ಮುಚ್ಚುತ್ತದೆ. ಪಕ್ಕದ ರಾಜ್ಯದಲ್ಲಿ ತಡರಾತ್ರಿಯವರೆಗೂ ತೆರೆದಿಡಲು ಕಾನೂನಿನ ಅನುಮತಿ ಇದೆ, ಹಾಗಾಗಿ ದೊಡ್ಡ ಅಂಗಡಿಗಳು 8ರ ನಂತರವೂ ಸಿಗುತ್ತವೆ.

ಆಗಸ್ಟ್ 15 ಗಮನಿಸಿ. ನಮಗೆ ಸ್ವಾತಂತ್ರ್ಯ ದಿನ, ಮರೆಯುವುದಿಲ್ಲ ಅಲ್ವಾ? ಅಂದು ಮೇರಿ ಮಾತೆಯ ಹಬ್ಬ. ಬವೇರಿಯಾದ ಹೆಚ್ಚಿನ ಊರುಗಳಲ್ಲಿ ರಜೆ, ಆಸ್ಟ್ರಿಯಾದಲ್ಲಿ ದೇಶಕ್ಕೆಲ್ಲ ರಜೆ, ಆದರೆ ಬಾಡನ್-ವ್ಯೂರ್ಟೆಂಬೆರ್ಗ್‌ನಲ್ಲಿ ಮಾಮೂಲಿ ದಿನ. 2026ರಲ್ಲಿ ಅದು ಶನಿವಾರ ಬರುತ್ತದೆ. ಲಿಂಡಾವ್ ಕಡೆ ಟೆಂಟ್ ಹಾಕಿದವರು ಎರಡು ದಿನದ ಸಾಮಾನನ್ನು ಶುಕ್ರವಾರವೇ ತಂದಿಡಬೇಕು. ಅಥವಾ ಶನಿವಾರ ಕಾರು ತೆಗೆದು ರಾಜ್ಯದ ಗಡಿ ದಾಟಿ ಫ್ರೀಡ್ರಿಕ್ಸ್‌ಹಾಫನ್ ಕಡೆ ಹೋಗಬೇಕು.

ಕಾನ್‌ಸ್ಟನ್ಸ್ ನಗರದಲ್ಲಿ ಶನಿವಾರ ಜನ ಜಾಸ್ತಿ. ಸ್ವಿಟ್ಜರ್‌ಲೆಂಡಿನವರು ಬೆಲೆ ಕಡಿಮೆ ಎಂದು ಇಲ್ಲಿಗೇ ಬಂದು ದಿನಸಿ ಕೊಳ್ಳುತ್ತಾರೆ. ಆ ನಗರದಲ್ಲಿ ಸಾಮಾನು ತರುವುದಿದ್ದರೆ ಗುರುವಾರ ಬೆಳಿಗ್ಗೆ ಹೋಗಿ.

ಹಂತ 3: ಕ್ಯಾಂಪ್‌ಸೈಟ್ ತಲುಪಿದ ತಕ್ಷಣ ಕೇಳಬೇಕಾದ್ದು

ರಿಸೆಪ್ಷನ್‌ನಲ್ಲಿ ಬೀಗದ ಕೈ, ನಕ್ಷೆ ತೆಗೆದುಕೊಂಡು ಹಾಗೇ ಓಡಬೇಡಿ. ಐದು ನಿಮಿಷ ನಿಂತು ಇವನ್ನು ಕೇಳಿ. ಕಸದ ಜಾಗ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ? ಹಸಿ ಕಸಕ್ಕೆ ಬೇರೆ ತೊಟ್ಟಿ ಇದೆಯಾ? ಗಾಜಿನ ತೊಟ್ಟಿ ಒಳಗೇ ಇದೆಯಾ, ಊರಲ್ಲಿದೆಯಾ? ಕಸಕ್ಕೆ ಬೇರೆ ಶುಲ್ಕ ಇದೆಯಾ? ಐಸ್ ಪ್ಯಾಕ್ ಗಟ್ಟಿ ಮಾಡಿಸಿಕೊಳ್ಳಲು ಫ್ರೀಜರ್ ಇದೆಯಾ? ಬೆಳಗಿನ ಬ್ರೆಡ್ಡಿಗೆ ಹಿಂದಿನ ದಿನ ಎಷ್ಟು ಹೊತ್ತಿಗೆ ಹೇಳಬೇಕು?

ಕೊನೆಯ ಪ್ರಶ್ನೆ ಮಕ್ಕಳಿರುವವರಿಗೆ ತುಂಬ ಉಪಯೋಗ. ಹೆಚ್ಚಿನ ಕ್ಯಾಂಪ್‌ಸೈಟ್‌ಗಳಲ್ಲಿ ಸಂಜೆ ಹೆಸರು ಬರೆಸಿದರೆ ಬೆಳಿಗ್ಗೆ ಬಿಸಿ ಬ್ರೋಟ್ಶನ್, ಅಂದರೆ ಪುಟ್ಟ ಬನ್ನು, ಸಿಗುತ್ತದೆ. ಬಟ್ಟೆ ಚೀಲ ಹಿಡಿದು ಮಕ್ಕಳನ್ನೇ ಕಳಿಸಿ. ಪ್ಯಾಕೆಟ್ ಬ್ರೆಡ್ ತರುವುದೂ ತಪ್ಪುತ್ತದೆ, ಅದರ ಪ್ಲಾಸ್ಟಿಕ್ ಕವರೂ ತಪ್ಪುತ್ತದೆ.

ವಿಶ್ರಾಂತಿಯ ಸಮಯವನ್ನೂ ಕೇಳಿಕೊಳ್ಳಿ. ಸಾಮಾನ್ಯವಾಗಿ ಮಧ್ಯಾಹ್ನ 1ರಿಂದ 3, ರಾತ್ರಿ 10ರಿಂದ ಬೆಳಿಗ್ಗೆವರೆಗೆ. ಆ ಹೊತ್ತಲ್ಲಿ ಕಾರು ಓಡಿಸುವಂತಿಲ್ಲ, ಅಂದರೆ ಅಂಗಡಿಗೆ ಹೋಗಿ ಬರುವುದು ಅದರ ಹೊರಗೇ ಆಗಬೇಕು. ಬಾಟಲಿಗಳನ್ನು ಗಾಜಿನ ತೊಟ್ಟಿಗೆ ಎಸೆಯುವಂತಿಲ್ಲ. ಕುಕ್ಕರ್ ಸೀಟಿಯೂ ಅಷ್ಟೇ. ಬೇಳೆ ಬೇಯಿಸುವುದನ್ನು 1 ಗಂಟೆಗೆ ಮುಂಚೆ ಮುಗಿಸಿ.

ಹಂತ 4: ಅಂಗಡಿಯಲ್ಲಿ

ಆಲ್ಡಿ, ಲಿಡ್ಲ್, ಪೆನ್ನಿಯಂಥ ಅಂಗಡಿಗಳಲ್ಲಿ ಬೆಲೆ ಕಡಿಮೆ, ಆದರೆ ತರಕಾರಿ ಎಷ್ಟೋ ಸಲ ಪ್ಲಾಸ್ಟಿಕ್ ಸುತ್ತಿಕೊಂಡೇ ಬರುತ್ತದೆ. ಎಡೆಕಾ, ರೇವೆ ಎಂಬ ಅಂಗಡಿಗಳಲ್ಲಿ ಬಿಡಿ ತರಕಾರಿ ಜಾಸ್ತಿ ಸಿಗುತ್ತದೆ. ಟೆಂಟಿನಲ್ಲಿರುವಾಗ ನಾನು ಎರಡನೆಯದಕ್ಕೇ ಹೋಗಲು ಹೇಳುತ್ತೇನೆ. ನಾಲ್ಕು ಟೊಮೆಟೊ, ಎರಡು ಈರುಳ್ಳಿ ಎಂದು ಬೇಕಾದಷ್ಟೇ ಆರಿಸಿಕೊಳ್ಳಬಹುದು. ಎರಡು ಕೆಜಿ ಈರುಳ್ಳಿಯ ಬಲೆ ಚೀಲ ತಂದು, ಅರ್ಧ ಮೊಳಕೆ ಬರಿಸಿ ಎಸೆಯುವುದಕ್ಕಿಂತ ಇದೇ ಅಗ್ಗ.

ತಳ್ಳುಗಾಡಿ ಬಿಡಿಸಲು 1 ಯೂರೋ ಅಥವಾ 50 ಸೆಂಟ್ ನಾಣ್ಯ ಹಾಕಬೇಕು, ವಾಪಸ್ ನಿಲ್ಲಿಸಿದಾಗ ಅದು ಸಿಗುತ್ತದೆ. ಕೆಲವು ಅಂಗಡಿಗಳಲ್ಲಿ ತರಕಾರಿಯನ್ನು ನೀವೇ ತೂಗಿ ಚೀಟಿ ಅಂಟಿಸಬೇಕು. ತರಕಾರಿ ಕಟ್ಟೆಯ ಪಕ್ಕ ತಕ್ಕಡಿ ಇದ್ದರೆ ಹಾಗೆಂದು ಅರ್ಥ. ಬಿಲ್ ಕೌಂಟರಿನಲ್ಲಿ ಕೆಲಸ ಬಹಳ ಬೇಗ ನಡೆಯುತ್ತದೆ. ಸಾಮಾನನ್ನು ಮತ್ತೆ ಗಾಡಿಗೇ ಹಾಕಿಕೊಂಡು, ದುಡ್ಡು ಕೊಟ್ಟು, ಆಚೆ ಬಂದು ನಿಧಾನವಾಗಿ ಚೀಲಕ್ಕೆ ತುಂಬಿ. ತೆಳ್ಳನೆಯ ಪ್ಲಾಸ್ಟಿಕ್ ಕೈಚೀಲಗಳನ್ನು ಜರ್ಮನಿ 2022ರ ಜನವರಿ 1ರಿಂದ ನಿಷೇಧಿಸಿದೆ. ಕಾಗದದ ಚೀಲಕ್ಕೂ ಕಾಸು ಕೊಡಬೇಕು.

ನಮ್ಮ ಅಡುಗೆಗೆ ಇಲ್ಲಿನ ಸಾಮಾನ್ಯ ಅಂಗಡಿಯಲ್ಲೇ ಎಷ್ಟೊಂದು ಸಿಗುತ್ತದೆ ಎಂದು ಬಹಳ ಜನಕ್ಕೆ ಗೊತ್ತಿಲ್ಲ. ರೋಟೆ ಲಿನ್ಸನ್ ಎಂದರೆ ಮಸೂರ್ ಬೇಳೆ. ಕುಕ್ಕರ್ ಇಲ್ಲದೆ ಕಾಲು ಗಂಟೆಯಲ್ಲಿ ಬೇಯುತ್ತದೆ. ಕ್ಯಾಂಪಿಂಗ್ ಒಲೆಯ ಮೇಲೆ ತೊಗರಿಬೇಳೆಗೆ ಗ್ಯಾಸ್ ಸುಡುವ ಬದಲು ಇದರಲ್ಲೇ ಸಾರು ಮಾಡಿ. ಹಾರ್ಟ್‌ವೈಟ್ಸನ್‌ಗ್ರೀಸ್ ಎಂಬ ರವೆ ಉಪ್ಪಿಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಬುಟ್ಟರ್‌ಶ್ಮಾಲ್ಟ್ಸ್ ಎಂದರೆ ತುಪ್ಪವೇ. ನಾಟೂರ್‌ಯೋಗುರ್ಟ್ ನಮ್ಮ ಮೊಸರಿನಂತೆಯೇ, ಗಾಜಿನ ಬಾಟಲಿಯಲ್ಲಿ ಬರುವುದನ್ನು ಆರಿಸಿ. ಎಚ್-ಮಿಲ್ಶ್ ಎಂಬ ಹಾಲನ್ನು ಒಡೆಯುವ ತನಕ ಫ್ರಿಜ್‌ನಲ್ಲಿ ಇಡಬೇಕಿಲ್ಲ. ಕೂಲ್ ಬಾಕ್ಸ್ ಇಟ್ಟುಕೊಂಡವರಿಗೆ ಇದೊಂದು ದೊಡ್ಡ ಅನುಕೂಲ. ಹಸಿಮೆಣಸಿನಕಾಯಿ, ಕೊತ್ತಂಬರಿ ಕಟ್ಟು, ಬೆಂಡೆಕಾಯಿ ಬೇಕಾದರೆ ಊರಿನ ಟರ್ಕಿಶ್ ಅಂಗಡಿ ಹುಡುಕಿ.

ಕುಡಿಯುವ ನೀರು ಕೊಳ್ಳಬೇಡಿ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. "ಕೈನ್ ಟ್ರಿಂಕ್‌ವಾಸರ್" ಎಂದು ಬರೆದ ನಲ್ಲಿಯನ್ನು ಮಾತ್ರ ಬಿಟ್ಟುಬಿಡಿ. ಅದು ಕುಡಿಯುವ ನೀರಲ್ಲ. ಮಡಚುವ ಕ್ಯಾನ್ ತುಂಬಿ ಟೆಂಟಿನ ಹತ್ತಿರ ಇಟ್ಟುಕೊಂಡರೆ ದಿನಕ್ಕೆ ಆರೇಳು ಪ್ಲಾಸ್ಟಿಕ್ ಬಾಟಲಿ ಹೊರುವುದು ತಪ್ಪುತ್ತದೆ.

ಎಷ್ಟು ದಿನದ ಸಾಮಾನು ತರಬೇಕು? ಬೇಸಿಗೆಯಲ್ಲಿ ಎರಡು ದಿನದ್ದು ಸಾಕು. ಒಂದು ವಾರದ್ದು ಒಟ್ಟಿಗೆ ತಂದರೆ ಅದನ್ನು ಇಡಲೂ ಜಾಗ ಇಲ್ಲ, ಕೆಡದಂತೆ ನೋಡಿಕೊಳ್ಳಲೂ ಆಗುವುದಿಲ್ಲ. ಕೊನೆಗೆ ಅನ್ನದ ಜೊತೆ ಹಣವನ್ನೂ ತೊಟ್ಟಿಗೆ ಸುರಿಯಬೇಕಾಗುತ್ತದೆ. ಶನಿವಾರ ಮಾತ್ರ ಸೋಮವಾರ ಬೆಳಗಿನವರೆಗೆ ಲೆಕ್ಕ ಹಾಕಿ.

ಹಂತ 5: ರೈತರ ಕಟ್ಟೆಗಳು

ಸೂಪರ್‌ಮಾರ್ಕೆಟ್ಟಿಗಿಂತ ನನಗೆ ಇಷ್ಟವಾದದ್ದು ಇದು. ಬೋಡನ್‌ಸೇ ಸುತ್ತಮುತ್ತ ಸೇಬಿನ ತೋಟಗಳೇ ತೋಟಗಳು. ರಸ್ತೆ ಬದಿಯಲ್ಲಿ ಮರದ ಪುಟ್ಟ ಕಟ್ಟೆ ಇರುತ್ತದೆ. ಅದರ ಮೇಲೆ ಕಾಲಕ್ಕೆ ತಕ್ಕಂತೆ ಸ್ಟ್ರಾಬೆರಿ, ಚೆರ್ರಿ, ಪ್ಲಮ್, ಸೇಬು. ಪಕ್ಕದಲ್ಲಿ ಬೆಲೆಯ ಚೀಟಿ, ಒಂದು ದುಡ್ಡಿನ ಡಬ್ಬಿ. ಮಾರುವವರು ಯಾರೂ ಇರುವುದಿಲ್ಲ. ಹಣ್ಣು ತೆಗೆದುಕೊಂಡು ಕಾಸು ಹಾಕಿ ಬರಬೇಕು. ಚಿಲ್ಲರೆ ಬೇಕು ಎಂದು ಮೊದಲೇ ಹೇಳಿದ್ದು ಇದಕ್ಕೇ. ಮಕ್ಕಳ ಕೈಯಲ್ಲೇ ನಾಣ್ಯ ಹಾಕಿಸಿ. ಭಾನುವಾರ ಸೂಪರ್‌ಮಾರ್ಕೆಟ್ ಬಾಗಿಲು ಹಾಕಿದ್ದಾಗಲೂ ಈ ಕಟ್ಟೆಗಳಲ್ಲಿ ಏನಾದರೂ ಸಿಗುತ್ತದೆ.

ಕಾನ್‌ಸ್ಟನ್ಸ್ ಪಕ್ಕದ ರೈಖೆನಾವ್ ದ್ವೀಪಕ್ಕೂ ಹೋಗಿ. ಅಲ್ಲಿನ ಹಳೆಯ ಮಠದ ಕಾರಣಕ್ಕೆ ದ್ವೀಪ 2000ದಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಊರವರ ಕಸುಬು ತರಕಾರಿ ಬೆಳೆಯುವುದು. ಸೌತೆಕಾಯಿ, ಟೊಮೆಟೊ, ಸೊಪ್ಪು ಅಲ್ಲಿನ ವಿಶೇಷ. ನಿಮ್ಮ ಚೀಲಕ್ಕೇ ನೇರ ಹಾಕಿಸಿಕೊಂಡರೆ ಕವರಿನ ಮಾತೇ ಇಲ್ಲ. ಕೋಸಂಬರಿಗೆ ಅಂಥ ಸೌತೆಕಾಯಿ ಸಿಕ್ಕಿದರೆ ಇನ್ನೇನು ಬೇಕು!

ಹಂತ 6: ಬಾಟಲಿ, ಕ್ಯಾನ್ ಮತ್ತು ಫಾಂಡ್

ಅಂಗಡಿಯಲ್ಲಿ ಬರೆದ ಬೆಲೆಗಿಂತ ಬಿಲ್ಲಿನಲ್ಲಿ ಜಾಸ್ತಿ ತೆಗೆದುಕೊಂಡರು ಎಂದು ಹೊಸಬರು ಗಾಬರಿಯಾಗುವುದು ಇಲ್ಲೇ. ಫಾಂಡ್ ಎಂದರೆ ಬಾಟಲಿಯ ಮೇಲಿನ ಠೇವಣಿ. ಖಾಲಿ ಬಾಟಲಿ ವಾಪಸ್ ಕೊಟ್ಟರೆ ಅಷ್ಟೂ ಹಣ ವಾಪಸ್.

ಒಂದೇ ಸಲ ಉಪಯೋಗಿಸುವ ಪ್ಲಾಸ್ಟಿಕ್ ಬಾಟಲಿ ಮತ್ತು ಕ್ಯಾನ್‌ಗಳಿಗೆ 25 ಸೆಂಟ್. ಮತ್ತೆ ತುಂಬುವ ಬಾಟಲಿಗಳಿಗೆ 8 ಅಥವಾ 15 ಸೆಂಟ್. ಬಿಯರ್ ಬಾಟಲಿ ಸಾಮಾನ್ಯವಾಗಿ 8, ಮಿನರಲ್ ವಾಟರಿನ ಬಾಟಲಿ 15. ವೈನ್ ಬಾಟಲಿ, ಜಾಮಿನ ಶೀಷೆ, ಟೆಟ್ರಾ ಪ್ಯಾಕ್‌ಗಳಿಗೆ ಸಾಮಾನ್ಯವಾಗಿ ಫಾಂಡ್ ಇಲ್ಲ. ಈ 25 ಸೆಂಟಿನ ವ್ಯವಸ್ಥೆ 2003ರಲ್ಲಿ ಶುರುವಾಯಿತು. 2022ರಿಂದ ಜ್ಯೂಸಿನ ಪ್ಲಾಸ್ಟಿಕ್ ಬಾಟಲಿಗೂ, 2024ರಿಂದ ಹಾಲಿನ ಪಾನೀಯಗಳ ಪ್ಲಾಸ್ಟಿಕ್ ಬಾಟಲಿಗೂ ಬಂತು. ಆರು ಬಾಟಲಿಯ ಒಂದು ಕಟ್ಟು ಕೊಂಡರೆ ಒಂದೂವರೆ ಯೂರೋ ಠೇವಣಿಯಲ್ಲೇ ಇರುತ್ತದೆ. ಬಾಟಲಿಯನ್ನು ಕಸದ ತೊಟ್ಟಿಗೆ ಹಾಕಿದರೆ ಅದು ಹೋದಂತೆಯೇ.

ವಾಪಸ್ ಕೊಡುವ ಕ್ರಮ ಹೀಗಿದೆ.

1. ಬಾಟಲಿಯನ್ನು ಪೂರ್ತಿ ಖಾಲಿ ಮಾಡಿ. ಜಜ್ಜಬೇಡಿ, ಲೇಬಲ್ ಕೀಳಬೇಡಿ. ಯಂತ್ರ ಬಾರ್‌ಕೋಡ್ ಮತ್ತು ಫಾಂಡ್ ಚಿಹ್ನೆ ಓದಬೇಕು. ನಮ್ಮಲ್ಲಿ ಜಾಗ ಉಳಿಸಲು ಬಾಟಲಿ ಹಿಂಡಿ ಇಡುವ ಅಭ್ಯಾಸ ಇದೆ, ಇಲ್ಲಿ ಅದು ಬೇಡ.
2. ಮುಚ್ಚಳ ಹಾಗೇ ಇರಲಿ. ಮುಚ್ಚಳ ಬಾಟಲಿಗೆ ಅಂಟಿಕೊಂಡೇ ಇರಬೇಕೆಂದು ಯುರೋಪಿಯನ್ ಒಕ್ಕೂಟ 2024ರ ಜುಲೈನಿಂದ ನಿಯಮ ಮಾಡಿದೆ.
3. ಸೂಪರ್‌ಮಾರ್ಕೆಟ್ ಬಾಗಿಲ ಹತ್ತಿರ ಅಥವಾ ಒಳಗೆ ಹಿಂಭಾಗದಲ್ಲಿ ಯಂತ್ರ ಇರುತ್ತದೆ. ಒಂದೊಂದಾಗಿ ಬಾಟಲಿಯ ತಳ ಒಳಗೆ ಹೋಗುವಂತೆ ಇಡಿ.
4. ಮುಗಿದ ಮೇಲೆ ಗುಂಡಿ ಒತ್ತಿ. ಒಂದು ಚೀಟಿ ಬರುತ್ತದೆ. ಅದನ್ನು ಅದೇ ಅಂಗಡಿಯ ಬಿಲ್ ಕೌಂಟರಿನಲ್ಲಿ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತಾರೆ, ಅಥವಾ ನಗದು ಕೊಡುತ್ತಾರೆ.

25 ಸೆಂಟಿನ ಬಾಟಲಿಯನ್ನು ಎಲ್ಲಿ ಕೊಂಡಿರೋ ಅಲ್ಲೇ ಕೊಡಬೇಕೆಂದಿಲ್ಲ. ಅಂಥ ಬಾಟಲಿ ಮಾರುವ ಯಾವ ದೊಡ್ಡ ಅಂಗಡಿಯೂ ತೆಗೆದುಕೊಳ್ಳಬೇಕು. ಮತ್ತೆ ತುಂಬುವ ಬಾಟಲಿ ಹಾಗಲ್ಲ. ಆ ಬಗೆಯದನ್ನು ಮಾರುವ ಅಂಗಡಿ ಮಾತ್ರ ತೆಗೆದುಕೊಳ್ಳುತ್ತದೆ. ಪರಿಸರಕ್ಕೆ ಮತ್ತೆ ತುಂಬುವ ಬಾಟಲಿಯೇ ಒಳ್ಳೆಯದು. ಆದರೆ ಗಾಜಿನ ಬಾಟಲಿಗಳ ಕ್ರೇಟನ್ನು ಟೆಂಟಿಗೆ ಹೊತ್ತು ತರುವುದು ಕಷ್ಟ. ನಲ್ಲಿ ನೀರು ಕುಡಿದು, ಮಕ್ಕಳಿಗೆ ಒಂದೆರಡು ಬಾಟಲಿ ಜ್ಯೂಸ್ ಮಾತ್ರ ತಂದರೆ ಎರಡೂ ಕಡೆ ಒಳಿತು.

ಈ ಕೆಲಸವನ್ನು ಪೂರ್ತಿ ಮಕ್ಕಳಿಗೆ ಬಿಡಿ. ಬಂದ ಹಣ ಅವರಿಗೇ ಐಸ್‌ಕ್ರೀಮಿಗೆ ಎಂದರೆ ಒಂದು ಕ್ಯಾನೂ ತೊಟ್ಟಿಗೆ ಬೀಳುವುದಿಲ್ಲ.

ಹಂತ 7: ಕವರುಗಳನ್ನು ಅಂಗಡಿಯಲ್ಲೇ ಬಿಡಿ

ಅನೇಕ ಸೂಪರ್‌ಮಾರ್ಕೆಟ್‌ಗಳಲ್ಲಿ ಬಿಲ್ ಕೌಂಟರ್ ದಾಟಿದ ಮೇಲೆ ಹೊರಗಿನ ಪ್ಯಾಕಿಂಗ್ ಹಾಕಲು ತೊಟ್ಟಿಗಳಿರುತ್ತವೆ. ಬಿಸ್ಕತ್ತಿನ ಹೊರಗಿನ ರಟ್ಟು, ಟೂತ್‌ಪೇಸ್ಟಿನ ಪೆಟ್ಟಿಗೆ, ಆರು ಡಬ್ಬಿ ಕಟ್ಟಿದ ಪ್ಲಾಸ್ಟಿಕ್ ಎಲ್ಲವನ್ನೂ ಅಲ್ಲೇ ಬಿಡಿಸಿ ಹಾಕಿ. ಟಿಫಿನ್ ಡಬ್ಬಿ ಇಟ್ಟುಕೊಂಡಿದ್ದರೆ ಇನ್ನೂ ಸುಲಭ. ಟೆಂಟಿಗೆ ತಿನ್ನುವ ಪದಾರ್ಥ ಮಾತ್ರ ಬರಲಿ.

ಹಂತ 8: ಟೆಂಟಿನ ಹತ್ತಿರ ಕಸ ಬೇರ್ಪಡಿಸುವುದು

ಬೆಂಗಳೂರಿನಲ್ಲಿ ಎರಡು ಡಬ್ಬಿ, ಒಂದು ಚೀಲದ ಪದ್ಧತಿ ಪಾಲಿಸಿದವರಿಗೆ ಇದು ಹೊಸದಲ್ಲ. ಹಸಿ, ಒಣ, ಉಳಿದದ್ದು ಎಂಬ ಲೆಕ್ಕವೇ ಇಲ್ಲೂ. ಒಣ ಕಸ ಮಾತ್ರ ಇನ್ನಷ್ಟು ಪಾಲಾಗುತ್ತದೆ. ಬಣ್ಣ ನಂಬಬೇಡಿ. ಅಲ್ಲಿ ಹಸಿರು ಡಬ್ಬಿ ಹಸಿ ಕಸಕ್ಕೆ, ಇಲ್ಲಿ ಹಸಿ ಕಸದ ತೊಟ್ಟಿ ಹೆಚ್ಚಾಗಿ ಕಂದು. ಜಿಲ್ಲೆಯಿಂದ ಜಿಲ್ಲೆಗೆ ಬಣ್ಣ ಬದಲಾಗುತ್ತದೆ, ಹಾಗಾಗಿ ಮೇಲೆ ಬರೆದದ್ದನ್ನು ಓದಿ.

ಬಿಯೋ ಎಂದರೆ ಹಸಿ ಕಸ. ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಚಹಾ ಚರಟ, ಕಾಫಿ ಪುಡಿ ಹಾಕಿ. ಬೆಂದ ಅನ್ನ, ಸಾರಿನ ತರಕಾರಿ ಹಾಕಬಹುದೇ ಎನ್ನುವುದನ್ನು ರಿಸೆಪ್ಷನ್‌ನಲ್ಲಿ ಕೇಳಿ, ಊರಿಂದ ಊರಿಗೆ ನಿಯಮ ಬೇರೆ. ಇಲ್ಲಿಯೇ ಹಳೆಯ ಪೇಪರ್ ಕೆಲಸಕ್ಕೆ ಬರುವುದು. ಹಸಿ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆ ಚೀಲದ ಸಮೇತ ತೊಟ್ಟಿಗೆ ಹಾಕಬಾರದು. ಕೊಳೆಯುವ ಚೀಲ ಎಂದು ಮಾರುವುದನ್ನೂ ಬಹಳಷ್ಟು ಕಡೆ ಒಪ್ಪುವುದಿಲ್ಲ, ಏಕೆಂದರೆ ಗೊಬ್ಬರ ಆಗುವಷ್ಟು ಬೇಗ ಅದು ಕರಗುವುದಿಲ್ಲ. ಬಕೆಟ್ಟಿನ ತಳಕ್ಕೆ ಪೇಪರ್ ಹಾಸಿ, ಅದರಲ್ಲೇ ಸುತ್ತಿ ಹಾಕಿ. ಬಕೆಟ್ ಒದ್ದೆಯಾಗುವುದಿಲ್ಲ, ವಾಸನೆಯೂ ಕಡಿಮೆ.

ಹಳದಿ ತೊಟ್ಟಿ ಅಥವಾ ಹಳದಿ ಚೀಲ ಪ್ಯಾಕಿಂಗ್‌ಗೆ. ಎಲ್ಲ ಪ್ಲಾಸ್ಟಿಕ್ಕಿಗೆ ಅಲ್ಲ, ಇದು ಮುಖ್ಯ. ಮೊಸರಿನ ಕಪ್ಪು, ಚಿಪ್ಸ್ ಕವರು, ಟಿನ್ ಡಬ್ಬ, ಅಲ್ಯೂಮಿನಿಯಂ ಹಾಳೆ ಹೋಗುತ್ತವೆ. ಹಾಲಿನ ಟೆಟ್ರಾ ಪ್ಯಾಕ್ ಕೂಡ ಇಲ್ಲಿಗೇ, ಕಾಗದದ ಥರ ಕಂಡರೂ ಕಾಗದದ ತೊಟ್ಟಿಗೆ ಅಲ್ಲ. ಮಗುವಿನ ಮುರಿದ ಮರಳಿನ ಸಲಿಕೆ, ಹಳೆಯ ಟೂತ್‌ಬ್ರಷ್ ಪ್ಲಾಸ್ಟಿಕ್ಕೇ ಆದರೂ ಪ್ಯಾಕಿಂಗ್ ಅಲ್ಲ. ಅವು ಸಾಮಾನ್ಯವಾಗಿ ಉಳಿದ ಕಸಕ್ಕೆ. ಮೊಸರಿನ ಕಪ್ಪಿನಿಂದ ಅಲ್ಯೂಮಿನಿಯಂ ಮುಚ್ಚಳವನ್ನು ಪೂರ್ತಿ ಕಿತ್ತು ಎರಡನ್ನೂ ಬೇರೆಬೇರೆಯಾಗಿ ಹಾಕಿ. ಒಂದರೊಳಗೊಂದು ತುರುಕಿದರೆ ವಿಂಗಡಿಸುವ ಯಂತ್ರಕ್ಕೆ ಗೊತ್ತಾಗುವುದಿಲ್ಲ. ತೊಳೆಯಬೇಕಿಲ್ಲ, ಚಮಚದಿಂದ ಕೆರೆದು ಖಾಲಿ ಮಾಡಿದರೆ ಸಾಕು.

ಕಾಗದದ ತೊಟ್ಟಿಗೆ ಒಣಗಿದ, ಶುಚಿಯಾದ ಕಾಗದ, ರಟ್ಟು. ಎಣ್ಣೆ ಹತ್ತಿದ ಪಿಜ್ಜಾ ಪೆಟ್ಟಿಗೆ, ಕೈ ಒರೆಸಿದ ಟಿಶ್ಯೂ, ಅಂಗಡಿಯ ನುಣುಪಾದ ಬಿಲ್ಲು ಹಾಕಬೇಡಿ.

ಗಾಜಿನ ತೊಟ್ಟಿ ಮೂರು: ಬಿಳಿ, ಕಂದು, ಹಸಿರು. ನೀಲಿ ಬಾಟಲಿ ಕಂಡರೆ ಹಸಿರಿಗೆ ಹಾಕಿ. ಜಾಮಿನ ಶೀಷೆಯ ತಗಡಿನ ಮುಚ್ಚಳ ಹಳದಿಗೆ. ಒಡೆದ ಕುಡಿಯುವ ಲೋಟ, ಪಿಂಗಾಣಿ ಬಟ್ಟಲು ಇಲ್ಲಿಗೆ ಬೇಡ. ಅವುಗಳ ಗಾಜು ಬೇರೆ ಬಗೆಯದು, ಬಾಟಲಿಯ ಗಾಜಿನ ಜೊತೆ ಕರಗುವುದಿಲ್ಲ. ಪೇಪರಿನಲ್ಲಿ ಗಟ್ಟಿಯಾಗಿ ಸುತ್ತಿ ಉಳಿದ ಕಸಕ್ಕೆ ಹಾಕಿ. ಊರಿನ ಗಾಜಿನ ತೊಟ್ಟಿಗಳಿಗೆ ಭಾನುವಾರ ಮತ್ತು ರಾತ್ರಿ ಹಾಕುವಂತಿಲ್ಲ, ಸದ್ದಾಗುತ್ತದೆ ಎಂದು.

ರೆಸ್ಟ್‌ಮ್ಯೂಲ್ ಎಂದರೆ ಉಳಿದ ಕಸ. ಡೈಪರ್, ಸ್ಯಾನಿಟರಿ ಪ್ಯಾಡ್, ಒದ್ದೆ ಟಿಶ್ಯೂ, ತಣ್ಣಗಾದ ಇದ್ದಿಲ ಬೂದಿ, ಕೊಳಕು ಬಟ್ಟೆ ಚೂರು. ಯಾವುದು ಎಲ್ಲಿಗೆ ಎಂದು ಗೊತ್ತಾಗದಿದ್ದರೆ ಇಲ್ಲಿಗೇ ಹಾಕಿ. ಅನುಮಾನದಲ್ಲಿ ಹಳದಿಗೆ ಹಾಕಿ ಇಡೀ ತೊಟ್ಟಿಯನ್ನು ಕೆಡಿಸುವುದಕ್ಕಿಂತ ಇದು ವಾಸಿ.

ಟೆಂಟಿನಲ್ಲಿ ಇಷ್ಟೆಲ್ಲ ತೊಟ್ಟಿ ಇಡಲು ಆಗುವುದಿಲ್ಲ. ಮೂರು ಸಾಕು. ಹಸಿ ಕಸದ ಬಕೆಟ್, ಪ್ಯಾಕಿಂಗಿನ ಚೀಲ, ಉಳಿದದ್ದಕ್ಕೆ ಇನ್ನೊಂದು ಚೀಲ. ಕಾಗದ, ಗಾಜು, ಫಾಂಡ್ ಬಾಟಲಿಗಳನ್ನು ಕಾರಿನ ಡಿಕ್ಕಿಯಲ್ಲಿ ಬಟ್ಟೆ ಚೀಲಗಳಲ್ಲಿಡಿ. ಪ್ರತಿ ಸಂಜೆ ಊಟದ ನಂತರ ಹಸಿ ಕಸ ಖಾಲಿ ಮಾಡಲೇಬೇಕು, ಉಳಿದದ್ದು ಎರಡು ದಿನಕ್ಕೊಮ್ಮೆ.

ಹಂತ 9: ಪಾತ್ರೆ, ಎಣ್ಣೆ, ಮಸಾಲೆ

ಪಾತ್ರೆ ತೊಳೆಯಲು ಬೇರೆಯೇ ಕೋಣೆ ಇರುತ್ತದೆ. ಅಲ್ಲಿಗೆ ಹೋಗುವ ಮುಂಚೆ ಬಾಣಲೆಯ ಎಣ್ಣೆಯನ್ನು ಟಿಶ್ಯೂನಿಂದ ಒರೆಸಿ ಉಳಿದ ಕಸಕ್ಕೆ ಹಾಕಿ. ಸಾರಿನ ಗಸಿ, ಕರಿಬೇವು, ಸಾಸಿವೆ ಬಿದ್ದು ಸಿಂಕ್ ಕಟ್ಟಿಕೊಳ್ಳುವುದು ಬೇಡ. ಒಂದು ಜರಡಿ ಇಟ್ಟುಕೊಂಡರೆ ಆಯಿತು. ಅರಿಶಿನದ ಕಲೆ ಬಿಳಿ ಸಿಂಕಿಗೆ ಹತ್ತಿದರೆ ತಕ್ಷಣ ಒರೆಸಿ.

ಕರಿದ ಎಣ್ಣೆಯನ್ನು ಮೋರಿಗೆ, ಹುಲ್ಲಿಗೆ, ನೀರಿಗೆ ಸುರಿಯಲೇಬಾರದು. ತಣ್ಣಗಾದ ಮೇಲೆ ಫಾಂಡ್ ಇಲ್ಲದ ಒಂದು ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ಉಳಿದ ಕಸಕ್ಕೆ ಹಾಕಿ. ಟೆಂಟಿನಲ್ಲಿ ಕರಿಯುವ ಅಡುಗೆಯನ್ನೇ ಬಿಟ್ಟರೆ ಇನ್ನೂ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಹಂತ 10: ಕಡಜ, ನರಿ, ಬಾತುಕೋಳಿ

ಆಗಸ್ಟ್‌ನಲ್ಲಿ ಕಡಜಗಳ ಕಾಟ ಜಾಸ್ತಿ. ಜ್ಯೂಸು, ಜಾಮು, ಕತ್ತರಿಸಿದ ಹಣ್ಣು ಕಂಡರೆ ಮುತ್ತುತ್ತವೆ. ಸುಮ್ನೆ ಕೊಲ್ಲುವಂತಿಲ್ಲ, ಜರ್ಮನಿಯ ಪ್ರಕೃತಿ ಸಂರಕ್ಷಣೆಯ ಕಾನೂನಿನಲ್ಲಿ ಅದಕ್ಕೆ ತಡೆ ಇದೆ. ತಿಂಡಿ ಮುಚ್ಚಿಡಿ, ತಟ್ಟೆ ಬೇಗ ಎತ್ತಿ, ಕಸದ ಬಕೆಟ್ಟನ್ನು ಊಟದ ಮೇಜಿನಿಂದ ದೂರವಿಡಿ. ಮಕ್ಕಳು ಕ್ಯಾನಿನಿಂದ ನೇರ ಕುಡಿಯದಿರಲಿ. ಒಳಗೆ ಹೊಕ್ಕ ಕಡಜ ಕಾಣುವುದಿಲ್ಲ, ಗಂಟಲಲ್ಲಿ ಕಚ್ಚಿದರೆ ಅಪಾಯ. ಲೋಟಕ್ಕೆ ಬಗ್ಗಿಸಿ ಕೊಡಿ.

ರಾತ್ರಿ ನರಿ, ಮಾರ್ಡರ್ ಎಂಬ ಮುಂಗುಸಿಯಂಥ ಪ್ರಾಣಿ ಕಸ ಹುಡುಕಿ ಬರುತ್ತವೆ. ಆಹಾರವನ್ನೂ ಕಸವನ್ನೂ ಹೊರಗೆ ಬಿಡದೆ ಕಾರಿನಲ್ಲಿಟ್ಟು ಮಲಗಿ.

ಮಿಕ್ಕ ಅನ್ನ, ಬ್ರೆಡ್ಡನ್ನು ಬಾತುಕೋಳಿಗೆ ಹಾಕುವುದು ನಮಗೆ ಪುಣ್ಯದ ಕೆಲಸ ಎನಿಸುತ್ತದೆ. ಇಲ್ಲಿ ಬೇಡ. ಈಜುವ ಜಾಗದಲ್ಲಿ ಬಾತುಗಳು ಸೇರಿದರೆ ಅವುಗಳಿಂದ ಬಸವನಹುಳುವಿಗೆ, ಅಲ್ಲಿಂದ ನೀರಿಗೆ ಒಂದು ಪರಾವಲಂಬಿ ಜೀವಿಯ ಮರಿಗಳು ಹರಡುತ್ತವೆ. ಅವು ಈಜುವವರ ಚರ್ಮಕ್ಕೆ ಹೊಕ್ಕು ವಿಪರೀತ ತುರಿಕೆ ತರುತ್ತವೆ. ಅದನ್ನು ಮೊದಲು ಅನುಭವಿಸುವುದು ದಡದ ಹತ್ತಿರದ ಬೆಚ್ಚನೆ ನೀರಲ್ಲಿ ಆಡುವ ಪುಟ್ಟ ಮಕ್ಕಳೇ.

ಹಂತ 11: ಗ್ಯಾಸ್, ಬ್ಯಾಟರಿ, ಕೆಟ್ಟ ವಸ್ತುಗಳು

ಗ್ಯಾಸ್ ಕಾರ್ಟ್ರಿಡ್ಜ್ ಅರ್ಧ ತುಂಬಿದ್ದರೆ ಯಾವ ತೊಟ್ಟಿಗೂ ಹಾಕಬೇಡಿ, ಸಿಡಿಯಬಹುದು. ಪೂರ್ತಿ ಉರಿಸಿ ಖಾಲಿ ಮಾಡಿ, ಎಲ್ಲಿ ಕೊಡಬೇಕೆಂದು ರಿಸೆಪ್ಷನ್‌ನಲ್ಲಿ ಕೇಳಿ. ಬ್ಯಾಟರಿಗೆ ಅದನ್ನು ಮಾರುವ ಪ್ರತಿ ಅಂಗಡಿಯಲ್ಲೂ ಪೆಟ್ಟಿಗೆ ಇರುತ್ತದೆ, ಸೋಪು, ಶಾಂಪೂ ಮಾರುವ ಡಿಎಂ, ರಾಸ್‌ಮನ್ ಅಂಗಡಿಗಳಲ್ಲೂ ಸಿಗುತ್ತದೆ. ಕೆಟ್ಟ ಟಾರ್ಚ್‌ನಂಥ 25 ಸೆಂಟಿಮೀಟರಿಗಿಂತ ಚಿಕ್ಕ ವಿದ್ಯುತ್ ವಸ್ತುಗಳನ್ನು ದೊಡ್ಡ ಸೂಪರ್‌ಮಾರ್ಕೆಟ್‌ಗಳು 2022ರ ಜುಲೈನಿಂದ ವಾಪಸ್ ತೆಗೆದುಕೊಳ್ಳಬೇಕು. ಮುರಿದ ಟೆಂಟ್ ಕಂಬ, ತೂತಾದ ಹಾಸಿಗೆಯನ್ನು ತೊಟ್ಟಿಯ ಪಕ್ಕ ಇಟ್ಟು ಬರಬೇಡಿ.

ಹಂತ 12: ಸುತ್ತಾಡಲು ಹೊರಟಾಗ

ಕಾನ್‌ಸ್ಟನ್ಸ್ ನಗರ 2025ರ ಜನವರಿ 1ರಿಂದ ಬಿಸಾಡುವ ಪ್ಯಾಕಿಂಗ್ ಮೇಲೆ ತೆರಿಗೆ ಹಾಕಿದೆ. ಬಿಸಾಡುವ ಕಪ್ಪು, ಡಬ್ಬಕ್ಕೆ ತಲಾ 50 ಸೆಂಟ್, ಚಮಚ-ಫೋರ್ಕಿಗೆ 20 ಸೆಂಟ್. ತೆರಿಗೆ ಅಂಗಡಿಯವರ ಮೇಲೆ, ಆದರೆ ಬೆಲೆಯಲ್ಲಿ ಸೇರಿಕೊಂಡು ನಮ್ಮ ಹತ್ತಿರ ಬರುತ್ತದೆ. ನಾಲ್ಕು ಜನ ಆಲೂಗಡ್ಡೆ ಫ್ರೈಸ್, ಕಾಫಿ ಕಟ್ಟಿಸಿಕೊಂಡರೆ ಎಷ್ಟಾಯಿತು ನೋಡಿ. ಮನೆಯಿಂದ ತಂದ ಟಿಫಿನ್ ಡಬ್ಬಿ ಕೊಡಿ. ಅದಕ್ಕೇ ಹಾಕಿಕೊಡುತ್ತಾರೆ.

ಸ್ವಿಟ್ಜರ್‌ಲೆಂಡಿಗೆ ದಾಟುವಾಗ ಬುತ್ತಿ ಕಟ್ಟಿಕೊಂಡು ಹೋಗಿ, ಅಲ್ಲಿ ತಿಂಡಿ ದುಬಾರಿ. ಮಾಂಸ ತಿನ್ನುವವರಿಗೆ ತಲೆಗೆ 1 ಕೆಜಿ ಮಿತಿ. ಒಟ್ಟು ಸಾಮಾನಿಗೆ ತಲೆಗೆ 150 ಫ್ರಾಂಕ್ ತೆರಿಗೆರಹಿತ ಮಿತಿ 2025ರಿಂದ ಇದೆ. ಅಲ್ಲಿ ಪ್ಲಾಸ್ಟಿಕ್ ಬಾಟಲಿಗೆ ಠೇವಣಿ ಇಲ್ಲ, ಅಂಗಡಿಗಳಲ್ಲಿ ಸಂಗ್ರಹ ಪೆಟ್ಟಿಗೆ ಇದೆ. ಹೆಚ್ಚಿನ ಊರುಗಳಲ್ಲಿ ಮನೆಯ ಕಸಕ್ಕೆ ಕಾಸು ಕೊಟ್ಟ ವಿಶೇಷ ಚೀಲವೇ ಬೇಕು. ಹಾಗಾಗಿ ನಿಮ್ಮ ಟೆಂಟಿನ ಕಸದ ಚೀಲವನ್ನು ಅಲ್ಲಿನ ರಸ್ತೆಯ ತೊಟ್ಟಿಗೆ ಹಾಕಿ ಬರುವುದು ತಪ್ಪು. ಆಸ್ಟ್ರಿಯಾದಲ್ಲಿ 2025ರ ಜನವರಿಯಿಂದ ಪ್ಲಾಸ್ಟಿಕ್ ಬಾಟಲಿ, ಕ್ಯಾನಿಗೆ 25 ಸೆಂಟ್ ಠೇವಣಿ ಬಂದಿದೆ. ಮೊತ್ತ ಒಂದೇ ಆದರೂ ವ್ಯವಸ್ಥೆ ಬೇರೆ. ಬ್ರೆಗೆನ್ಸ್‌ನಲ್ಲಿ ಕೊಂಡದ್ದನ್ನು ಬ್ರೆಗೆನ್ಸ್‌ನಲ್ಲೇ ಕೊಟ್ಟು ಬನ್ನಿ, ಲಿಂಡಾವ್‌ನ ಯಂತ್ರ ಅದಕ್ಕೆ ಹಣ ಕೊಡುವುದಿಲ್ಲ.

ಹಂತ 13: ಹೊರಡುವ ಮೊದಲಿನ ಎರಡು ದಿನ

ಹೊರಡಲು ಎರಡು ದಿನ ಇದೆ ಎನ್ನುವಾಗ ಹೊಸ ಸಾಮಾನು ತರುವುದನ್ನು ನಿಲ್ಲಿಸಿ. ಇರುವುದನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿ. ಉಳಿದ ತರಕಾರಿಯೆಲ್ಲ ಸೇರಿಸಿ ಒಂದು ಬಿಸಿಬೇಳೆಬಾತ್ ಆಗುತ್ತದೆ. ಹಳಸದ ಬ್ರೆಡ್ಡಿಗೆ ಒಗ್ಗರಣೆ ಹಾಕಿದರೆ ಬೆಳಗಿನ ತಿಂಡಿ. ಒಡೆಯದ ಪ್ಯಾಕೆಟ್‌ಗಳು, ಅರ್ಧ ಬಾಟಲಿ ಎಣ್ಣೆ, ಉಪ್ಪು, ಗ್ಯಾಸ್ ಇವನ್ನು ಪಕ್ಕದ ಟೆಂಟಿನವರಿಗೆ ಬೇಕಾ ಎಂದು ಕೇಳಿ. ಜರ್ಮನಿಯಲ್ಲಿ ಹೀಗೆ ಕೊಡುವುದು, ತೆಗೆದುಕೊಳ್ಳುವುದು ಸಹಜ. ಕೆಲವು ಕ್ಯಾಂಪ್‌ಸೈಟ್‌ಗಳಲ್ಲಿ ಇದಕ್ಕೆಂದೇ ಒಂದು ಕಪಾಟು ಇರುತ್ತದೆ.

ಪ್ಯಾಕೆಟ್ಟಿನ ಮೇಲಿನ ದಿನಾಂಕ ದಾಟಿದೆ ಎಂದು ತಕ್ಷಣ ಎಸೆಯಬೇಡಿ. "ಮಿಂಡೆಸ್ಟನ್ಸ್ ಹಾಲ್ಟ್‌ಬಾರ್" ಎಂದಿದ್ದರೆ ಆ ದಿನದವರೆಗೆ ರುಚಿ ಚೆನ್ನಾಗಿರುತ್ತದೆ ಎಂದಷ್ಟೇ. ನೋಡಿ, ಮೂಸಿ, ತಿನ್ನಬಹುದು. "ತ್ಸು ಫೆರ್‌ಬ್ರೌಖನ್ ಬಿಸ್" ಎಂದು ಬರೆದಿದ್ದರೆ ಮಾತ್ರ ದಿನಾಂಕದ ನಂತರ ತಿನ್ನಬೇಡಿ.

ಟೆಂಟ್ ಬಿಚ್ಚಿದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹುಲ್ಲಿನ ಮೇಲೆ ಒಂದು ಸುತ್ತು ಹಾಕಿಸಿ. ಬ್ರೆಡ್ ಕಟ್ಟಿದ ಕ್ಲಿಪ್ಪು, ಚಾಕಲೇಟ್ ಚೂರು ಕವರು, ಟೆಂಟಿನ ಮೊಳೆ ಅವರ ಕಣ್ಣಿಗೆ ಬೇಗ ಬೀಳುತ್ತವೆ. ಭಾನುವಾರ ಹೊರಡುವವರು ಫಾಂಡ್ ಬಾಟಲಿಗಳನ್ನು ಶನಿವಾರ ಸಂಜೆಯೇ ಯಂತ್ರಕ್ಕೆ ಹಾಕಿ ಬನ್ನಿ, ಗಾಜಿನ ಶೀಷೆಗಳನ್ನೂ ಅವತ್ತೇ ಮುಗಿಸಿ. ಜರ್ಮನಿಯೊಳಗೇ ಮನೆಗೆ ಹೋಗುವವರು ಉಳಿದ 25 ಸೆಂಟಿನ ಬಾಟಲಿಗಳನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ ಊರಿನ ಅಂಗಡಿಯಲ್ಲಿ ಕೊಡಬಹುದು. ಝ್ಯೂರಿಕ್‌ನಿಂದ ವಿಮಾನ ಹತ್ತುವವರಿಗೆ ಆ ದಾರಿ ಇಲ್ಲ. ಅಂಥವರು ಪಕ್ಕದ ಟೆಂಟಿನ ಮಕ್ಕಳ ಕೈಗೆ ಚೀಲ ಕೊಟ್ಟು ಹೊರಡಿ.